ಮೇಷ್ಟ್ರು ಏಳುವ ತನಕ

ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದ್ದ ಮಂಚವನ್ನು ಕೋಣೆಯಿಂದ ಹೊರಗೆಳೆಯಲು ಅಣ್ಣ ಒಬ್ಬನೇ ಒದ್ದಾಡುತ್ತಿದ್ದ. ತಮ್ಮನ ಹೆಣ ಮುಂದಿನ ಕೋಣೆಯಲ್ಲಿತ್ತು. ಬಂದವರಿಗೆ ಕೂರಲು ಜಾಗವಿರಲಿಲ್ಲ.

"ಇದನ್ಯಾಕೆ ಹೀಗೆ ನಿಲ್ಸಿದಾನೆ ಇವನು?"

"ದಿನಾ ನಿಲ್ಸೋರು, ಸರ್," ಎನ್ನುತ್ತಾ ಗಣಿತದ ಮೇಷ್ಟ್ರು ಇನ್ನೊಂದು ತುದಿಗೆ ಕೈಕೊಟ್ಟರು. "ಕೊರೊನಾಗೆ ಶಾಲೆ ಮುಚ್ಚಿದ ಮೇಲೆ ಈ ರೂಮೇ ಅವರ ಮೈದಾನ. ಲೆಕ್ಕ ಹೇಗೋ ಫೋನಲ್ಲಿ ಹೇಳ್ಕೊಡಬಹುದು, ಡ್ರಿಲ್ ಹೇಗ್ರೀ ಮಾಡಿಸ್ತೀರಾ ಅಂತ ನಾವೆಲ್ಲ ನಗ್ತಿದ್ವಿ."

ಮಂಚವನ್ನು ಬಾಗಿಲಾಚೆ ಇಳಿಸಿದ್ದೇ ಅಣ್ಣ ಅದರ ಮೇಲೆ ಕುಸಿದ. "ಗುಂಡುಕಲ್ಲಿನ ಹಾಗಿದ್ದ. ಮೊನ್ನೆ ತಾನೇ ನನ್ನ ಹೊಟ್ಟೆ ನೋಡಿ ಆಡ್ಕೊಂಡಿದ್ದ. ಹೋಗಬೇಕಾಗಿದ್ದಿದ್ದು ನಾನಲ್ವಾ?"

ಖಾಲಿಯಾದ ಕೋಣೆಯ ಮೂಲೆಯಲ್ಲಿ ತೀರಿಹೋದ ಪಿ.ಟಿ. ಮೇಷ್ಟ್ರ ಹೆಂಡತಿ ಕೂತಿದ್ದಳು. ನಿನ್ನೆಯಿಂದ ಅತ್ತಿರಲಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಸದ್ದು ನಿಂತಾಗ ನನಗೆ ಖುಷಿಯಾಯ್ತು."

* * *

ಎಂಟು ತಿಂಗಳಿಂದ ಬೆಳಗ್ಗೆ ಒಂಬತ್ತಕ್ಕೆ ಮೇಷ್ಟ್ರು ಸೀಟಿ ಊದುತ್ತಿದ್ದರು. ಫೋನಿನ ಪರದೆಯಲ್ಲಿ ಆರನೇ ತರಗತಿಯ ನಲವತ್ತೊಂದು ಮಕ್ಕಳು. ಒಬ್ಬ ಸೋಫಾದ ಹಿಂದೆ, ಒಬ್ಬಳು ಬಟ್ಟೆ ಒಣಹಾಕಿದ ಬಾಲ್ಕನಿಯಲ್ಲಿ, ಸಿಗ್ನಲ್ಲಿಗಾಗಿ ಇನ್ನೊಬ್ಬ ಬಚ್ಚಲುಮನೆಯ ಬಾಗಿಲಲ್ಲಿ. ಚೆಂಡಿಲ್ಲದವರಿಗೆ ಮೇಷ್ಟ್ರು ಕಾಲುಚೀಲ ಸುತ್ತಿ ಚೆಂಡು ಮಾಡುವುದನ್ನು ಕಲಿಸಿದ್ದರು. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಕುಟ್ಟಿದರೂ ಕೈ ಮೇಲೆತ್ತಿದ ಮೇಷ್ಟ್ರ ಜಿಗಿತ ನಿಲ್ಲುತ್ತಿರಲಿಲ್ಲ.

ಕೊನೆಗೆ ಎಲ್ಲರೂ ಅಂಗಾತ ಮಲಗಿ ಕಣ್ಣು ಮುಚ್ಚಬೇಕು. ಮೇಷ್ಟ್ರು ಏಳುವ ತನಕ ಯಾರೂ ಏಳಕೂಡದು, ಮಾತಾಡಕೂಡದು.

ನಿನ್ನೆ ಅವರು ಡ್ರಿಲ್ಲಿನ ನಡುವೆಯೇ ಮಲಗಿದರು. ನಲವತ್ತೊಂದು ಮಕ್ಕಳೂ ಮಲಗಿದರು. ಅಡುಗೆಮನೆಯಲ್ಲಿ ಹೆಂಡತಿ 'ಅಬ್ಬಾ' ಎಂದುಕೊಂಡು ಚಹದ ಲೋಟ ಹಿಡಿದು ಕಾಲು ಚಾಚಿ ಕೂತಳು. ಹನ್ನೊಂದು ನಿಮಿಷದ ಮೇಲೆ ಅವಳ ಫೋನು ರಿಂಗಾಯಿತು. ಯಾವುದೋ ಮಗುವಿನ ತಾಯಿ: "ನಿಮ್ಮ ಯಜಮಾನರನ್ನ ಒಂದ್ಸಲ ನೋಡಿ, ಪ್ಲೀಸ್."

* * *

ಆ ತಾಯಿಯೇ ಈಗ ಮಗಳ ಕೈಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಬ್ಬರಿಗೂ ಮಾಸ್ಕ್.

"ನಿಮ್ಹತ್ರ ಏನೋ ಹೇಳ್ಬೇಕಂತೆ. ಬೇಡ ಅಂದ್ರೂ ಕೇಳಲಿಲ್ಲ."

"ನಾನು ಕಣ್ಣು ಬಿಟ್ಟಿದ್ದೆ, ಆಂಟಿ," ಎಂದಳು ಹುಡುಗಿ. "ಸರ್ ಅಲ್ಲಾಡ್ತಿರಲಿಲ್ಲ. ಮಾತಾಡಿದ್ರೆ ಬೈತಾರೆ ಅಂತ ಸುಮ್ನಿದ್ದೆ. ಆಮೇಲೆ ಅಮ್ಮನ್ನ ಕರೆದೆ. ತುಂಬಾ ತಡವಾಗಿ ಕರೆದೆ."

ಹೊರಗೆ ಗಣಿತದ ಮೇಷ್ಟ್ರು ತಲೆ ತಗ್ಗಿಸಿದರು.

"ನಾನು ಪಕ್ಕದಲ್ಲೇ ಇದ್ದೆ, ಪುಟ್ಟಾ. ನನಗೇ ಗೊತ್ತಾಗ್ಲಿಲ್ಲ." ಹೆಂಡತಿ ಕೇಳಿದಳು. "ಹೇಗೆ ಬಿದ್ರು? ನಂಗೆ ತೋರಿಸ್ತೀಯಾ?"

ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಕೋಣೆಯ ನಡುವೆ ಹೋಗಿ ನಿಂತು, ಎದೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯನ್ನು ನೆಲಕ್ಕೂರಿ ಮೆಲ್ಲಗೆ ಕೂತಳು. ಹಾಗೇ ಅಂಗಾತ ಮಲಗಿದಳು.

"ಬೀಳಲಿಲ್ಲ, ಆಂಟಿ. ನಿಧಾನಕ್ಕೆ ಮಲಗಿದ್ರು. ಮಲಗೋ ಮುಂಚೆ ನಮ್ಮನ್ನೆಲ್ಲ ನೋಡಿ ನಕ್ರು. ಅದಕ್ಕೇ ನಾವೂ ಮಲಗಿದ್ವಿ."

"ನಕ್ಕನಾ?" ಎಂದ ಅಣ್ಣ ಬಾಯಿಗೆ ಕೈ ಅಡ್ಡ ಹಿಡಿದ.

ಕೆಳಗೆ ಶವದ ಗಾಡಿ ಹಾರ್ನ್ ಮಾಡಿತು. ಯಾರೂ ಕದಲಲಿಲ್ಲ. ಹೆಂಡತಿ ಎದ್ದು ಬಂದು ಹುಡುಗಿಯ ಪಕ್ಕದಲ್ಲೇ, ತಣ್ಣನೆಯ ನೆಲದ ಮೇಲೆ ಮೈಚಾಚಿದಳು.

ನೇರ ಮೇಲೆ, ತಗ್ಗು ಚಾವಣಿಯ ಬಿಳಿ ಸುಣ್ಣದ ಮೇಲೆ, ಬೆರಳ ತುದಿಗಳ ಮಾಸಲು ಗುರುತುಗಳಿದ್ದವು. ನೂರಾರು, ಒಂದರ ಮೇಲೊಂದು.