ಸದಾಶಿವಯ್ಯನವರು ಹೊಲಿದ ಯುದ್ಧ

ಸದಾಶಿವಯ್ಯನವರು ಮಾತನಾಡುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ. ಅಂಗಿಯ ಗುಂಡಿಗಳನ್ನು ನೋಡುತ್ತಿದ್ದರು. ಸಡಿಲವಾದದ್ದೊಂದು ಕಣ್ಣಿಗೆ ಬಿದ್ದರೆ ಸಾಕು, ಅದು ಮದುವೆಮನೆಯಾಗಲಿ ಸಾವಿನ ಮನೆಯಾಗಲಿ, ‘ತಡೀರಿ’ ಎಂದು ತಮ್ಮ ಕಂದು ಕೋಟಿನ ಕಾಲರಿನಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ ಸೂಜಿಯನ್ನು ತೆಗೆದು, ನಿಂತಲ್ಲೇ ಭದ್ರಪಡಿಸಿಬಿಡುವರು. ಲಷ್ಕರ್ ಮೊಹಲ್ಲಾದ ಕಿರಿದಾದ ಅಂಗಡಿಯಲ್ಲಿ ನಲವತ್ತು ವರ್ಷ ಹೊಲಿಗೆ ಮಷಿನ್ ತುಳಿದು ತುಳಿದು, ನಡೆಯುವಾಗಲೂ ಅವರ ಬಲಗಾಲು ತುಳಿಯುವ ಲಯದಲ್ಲೇ ಏಳುತ್ತಿತ್ತು.

ತೊಂಬತ್ತಾರರಲ್ಲಿ ಒಂದು ಐತಿಹಾಸಿಕ ಯುದ್ಧಕಾದಂಬರಿಯನ್ನು ಹದಿಮೂರು ಕಂತುಗಳ ಟಿ.ವಿ. ಧಾರಾವಾಹಿಯಾಗಿಸಲು ಮೈಸೂರಿಗೆ ಬಂದ ತಂಡವು, ಸಂಭಾಷಣೆ ತಿದ್ದಲು ಸರಸ್ವತಿಪುರಂನ ಕನ್ನಡ ಮೇಷ್ಟ್ರಾದ ನನ್ನನ್ನು ಹಿಡಿಯಿತು. ಕಾದಂಬರಿಯಲ್ಲಿ ಕೋಟೆಯ ಮುತ್ತಿಗೆ ಏಳು ತಿಂಗಳು. ನಮ್ಮ ಚಿತ್ರೀಕರಣ ಅದನ್ನೂ ಮೀರಿಸಿತು. ಸಾಕಪ್ಪಾ ಸಾಕು ಅನ್ನಿಸಿತ್ತು. ಸೈನಿಕರ ನಲವತ್ತು ನಿಲುವಂಗಿ ಹೊಲಿಯಲು ಸದಾಶಿವಯ್ಯನವರನ್ನು ಶಿಫಾರಸು ಮಾಡಿದವನು ನಾನೇ. ಅವರು ಆಸೆಪಟ್ಟು ಕೇಳಿದ್ದು ಒಂದೇ ಒಂದು.

‘ಕೊನೇ ಕಂತಲ್ಲಿ ಎಲ್ಲಾರ್ ಹೆಸ್ರೂ ಓಡ್ತದಂತಲ್ಲಾ ಮೇಷ್ಟ್ರೇ, ಅದ್ರಲ್ಲಿ ನಂದೂ ಬತ್ತದಾ?’

ಬರುತ್ತದೆಂದೆ. ಅವರ ಹೆಂಡತಿ ಗಿರಿಜಾಂಬಾ ಅಂದೇ ಬೀದಿಗೆಲ್ಲ ಹೇಳಿಬಂದರು.

ಬೆಟ್ಟದ ತಪ್ಪಲಿನ ಬಯಲಿನಲ್ಲಿ ಮಹಾಯುದ್ಧದ ಅರ್ಧಭಾಗ ಶನಿವಾರ ಮುಗಿಯಿತು, ಉಳಿದರ್ಧ ಅದೇ ಅಂಗಿಗಳಲ್ಲಿ ಸೋಮವಾರ ನಡೆಯಬೇಕಿತ್ತು. ಬ್ಲೇಡಿನಲ್ಲಿ ಸೀಳಿ, ಕೆಂಪು ಬಣ್ಣ ಬಳಿದಿದ್ದ ಅಂಗಿಗಳ ಮೂಟೆಯನ್ನು, ಕಿತ್ತುಹೋದ ಕಸೆದಾರಗಳನ್ನಷ್ಟೇ ಕಟ್ಟಿಕೊಡಲೆಂದು ಅವರ ಅಂಗಡಿಗೆ ಕಳಿಸಿದರು. ಸೋಮವಾರ ಮೂಟೆ ಬಿಚ್ಚಿದರೆ, ಅಯ್ಯೋ ದೇವರೇ! ಗಂಡಹೆಂಡಿರು ಭಾನುವಾರವೆಲ್ಲ ಊಟಕ್ಕೂ ಏಳದೆ ಪ್ರತಿಯೊಂದು ಸೀಳನ್ನೂ ಎಳೆಗೆ ಎಳೆ ಸೇರಿಸಿ ಹೊಲಿದು, ರಕ್ತ ತೊಳೆದು, ಇಸ್ತ್ರಿ ಮಾಡಿದ್ದರು. ಸಾಯಬೇಕಾದ ಸೈನಿಕರು ಮದುವೆ ಗಂಡುಗಳಂತೆ ನಿಂತರು.

ನಿರ್ದೇಶಕರು ಕೂಗಾಡಿದರು. ಸದಾಶಿವಯ್ಯನವರಿಗೆ ಅಪರಾಧವೇನೆಂದೇ ತಿಳಿಯಲಿಲ್ಲ. ‘ಹರ್ದಿದ್ನ ಅಂಗೇ ವಾಪಸ್ ಕೊಡಕಾಯ್ತದಾ ಸ್ವಾಮಿ? ನಮ್ಮಪ್ಪ ಇದ್ದಿದ್ರೆ ಕೈ ಮುರ್ದಾಕ್ಬುಡೋರು’ ಎಂದರು.

ಅವರು ಹೋದ ಮೇಲೆ ನಿರ್ದೇಶಕರು ನನ್ನತ್ತ ತಿರುಗಿ, ‘ಆ ಮನುಷ್ಯನ ಹೆಸರು ತೆಗೆದುಬಿಡಿ ಸಾರ್, ನೀವೇ ತಿಳಿಸಿಬಿಡಿ’ ಎಂದರು. ಹೆಸರುಗಳ ಪಟ್ಟಿ ಬರೆದಿದ್ದವನು ನಾನು, ಹೊಡೆದುಹಾಕಿದವನೂ ನಾನೇ. ಎದುರು ಮಾತಾಡಲು ಆಗ ನನಗೆ ತ್ರಾಣವಿರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ನಿಜವಾಗಿ ಇರದಿದ್ದದ್ದು ಧೈರ್ಯ. ತಿಳಿಸುವುದನ್ನೂ ನಾಳೆ ನಾಳೆ ಎಂದು ಮುಂದೂಡಿದೆ.

ಕೊನೆಯ ಕಂತು ಬಂದ ಭಾನುವಾರ ಬೆಳಿಗ್ಗೆ ಅವರ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿರಿಜಾಂಬಾ ಕೇಸರಿಬಾತು ಮಾಡಿ ಎಲ್ಲರಿಗೂ ಹಂಚಿದ್ದರು. ತೆರೆಯ ಮೇಲೆ ಯುದ್ಧ ನಡೆಯುತ್ತಿದ್ದಾಗ ಸದಾಶಿವಯ್ಯನವರು, ‘ಆ ಮೂರ್ನೇಯವನ ತೋಳ್ ನೋಡಿ, ಒಲಿಗೆ ಕಾಣ್ತದಾ? ಕಾಣಾಕಿಲ್ಲ’ ಎಂದು ಬೀಗಿದರು. ಆಮೇಲೆ ಹೆಸರುಗಳು ಓಡಿದವು. ನನ್ನದು ಬಂತು. ಕುದುರೆ ತಂದವರದು, ವ್ಯಾನ್ ಓಡಿಸಿದವರದು ಬಂತು. ಅಷ್ಟೇ.

‘ಏನ್ ಬಿರ್ರನೆ ಓಡ್ಬುಡ್ತು ಕಣಮ್ಮ, ನಾ ಓದೋದ್ರೊಳ್ಗೆ ಓಗ್ಬುಡ್ತು’ ಎಂದು ಗಿರಿಜಾಂಬಾ ಪಕ್ಕದ ಮನೆಯ ಬೆಟ್ಟಮ್ಮನವರಿಗೆ ಹೇಳಿ, ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಜನ ಕರಗಿದ ಮೇಲೆ ಸದಾಶಿವಯ್ಯನವರು ಬಾಗಿಲವರೆಗೆ ಬಂದರು. ‘ನಿಮ್ಗೆ ಮೊದ್ಲೇ ಗೊತ್ತಿತ್ತು, ಅಲ್ವಾ ಮೇಷ್ಟ್ರೇ?’

ಹೌದೆಂದು ತಲೆಯಾಡಿಸಿದೆ. ಬೈಯಲಿ ಎಂದೇ ಕಾದೆ. ಅಂದು ಮೊದಲ ಬಾರಿಗೆ ಅವರು ನನ್ನ ಮುಖವನ್ನು ನೋಡಿದರು, ಬಹಳ ಹೊತ್ತಲ್ಲ. ಆಮೇಲೆ ದೃಷ್ಟಿ ಎದೆಗಿಳಿಯಿತು. ‘ತಡೀರಿ’ ಎಂದರು. ಸೂಜಿ ತೆಗೆದು, ಜೋತಾಡುತ್ತಿದ್ದ ನನ್ನ ಎರಡನೆಯ ಗುಂಡಿಯನ್ನು ಹೊಲಿದು, ದಾರವನ್ನು ಹಲ್ಲಿನಲ್ಲಿ ಕಡಿದರು.

ಆ ಅಂಗಿಯ ಕಾಲರು ಸವೆದುಹೋಗಿದೆ, ಗುಂಡಿ ಅಲುಗಿಲ್ಲ. ಇಂಥವರಿಗೆ ಅನ್ಯಾಯ ಮಾಡುವುದು ಬಹಳ ಸುಲಭ, ಮಾಡಿದವನ ಅಂಗಿಯನ್ನೂ ಸರಿಮಾಡಿಯೇ ಕಳಿಸಿಕೊಡುತ್ತಾರೆ. ಆಮೇಲೆ ಅದನ್ನು ತೊಟ್ಟು ತಿರುಗುವ ದಣಿವು ನಮ್ಮದು.