ಇಬ್ಬರಿಗೂ ಜೂನ್ ಒಂದು

ಒಂದು ವಾರದಿಂದ ಪೂಜಾಳ ಕಾಗದಗಳು ನಮ್ಮ ಪಡಸಾಲೆಯ ಜಮಖಾನದ ಮೇಲೆ ಹರವಿಕೊಂಡಿದ್ದವು. ಹಾರಿಹೋಗುತ್ತವೆಂದು ಫ್ಯಾನ್ ಹಾಕುವಂತಿರಲಿಲ್ಲ. ಡಿಗ್ರಿ ಸರ್ಟಿಫಿಕೇಟು, ಪುಣೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಪತ್ರ, ಬ್ಯಾಂಕಿನ ಆರು ತಿಂಗಳ ಲೆಕ್ಕ, ತೆರಿಗೆ ಕಟ್ಟಿದ ರಸೀದಿಗಳು. ನನ್ನ ತಂಗಿ ಸಿವಿಲ್ ಎಂಜಿನಿಯರು. ಸಮುದ್ರದ ನೀರು ಊರೊಳಗೆ ಬಾರದಂತೆ ಒಡ್ಡು ಕಟ್ಟುವ ಹಾಲೆಂಡಿನ ಕಂಪನಿಯೊಂದು ಅವಳನ್ನು ಕರೆದಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಶಿಗ್ಗಾಂವದ ಮನೆಯಲ್ಲೇ ಸೀರೆಗೆ ಜಂಪರ್ ಹೊಲಿಯುತ್ತೇನೆ. ಕಾಗದಗಳನ್ನು ಸಾಲಾಗಿ ಜೋಡಿಸಿ ಫೈಲಿಗೆ ಹಾಕುವ ಕೆಲಸ ನನ್ನದಾಗಿತ್ತು.

ಆ ವಾರವೇ ಪೂಜಾ ನನ್ನನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದಳು. ತನ್ನ ಖಾತೆಗೆ ನಾಮಿನಿ ಎಂದು ನನ್ನ ಹೆಸರು ಬರೆಸಿದಳು. ಕೌಂಟರಿನವರು ಅರ್ಜಿ ನೋಡಿ ಕನ್ನಡಕ ಮೇಲೇರಿಸಿದರು.

“ಇಬ್ಬರದೂ ತೊಂಬತ್ತೊಂಬತ್ತು, ಜೂನ್ ಒಂದು. ಅವಳಿ-ಜವಳಿ ಏನ್ರಿ? ಮಾರಿ ನೋಡಿದ್ರ ಹಂಗ ಕಾಣೂದಿಲ್ಲಲ್ರಿ.”

“ಚಂದ ಎಲ್ಲಾ ಅಕ್ಕನ ತಗೊಂಡ ಹುಟ್ಯಾಳ್ರಿ. ನನಗ ಗಣಿತ ಅಷ್ಟ ಉಳೀತು,” ಎಂದಳು ಪೂಜಾ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಮರುದಿನ ಅವಳು ಹುಟ್ಟಿದ ಹಿರೇಕೆರೂರಿನಿಂದ ಜನನ ಪತ್ರ ಬಂತು. ಅದನ್ನು ಪಾಸ್‌ಪೋರ್ಟಿನ ಪಕ್ಕ ಇಡುವಾಗ ನನ್ನ ಕೈ ನಿಂತಿತು. ಪಾಸ್‌ಪೋರ್ಟಿನಲ್ಲಿ ಶಾಲೆಯ ದಾಖಲೆಯಂತೆ ಜೂನ್ ಒಂದು. ಜನನ ಪತ್ರದಲ್ಲಿ ಎರಡು ಸಾವಿರನೇ ಇಸವಿ, ಅಕ್ಟೋಬರ್ ಹನ್ನೆರಡು. ಹಾಲೆಂಡಿನವರು ಎರಡನ್ನೂ ಕೇಳಿದ್ದರು. ತಿಂಗಳೊಳಗೆ ಪಾಸ್‌ಪೋರ್ಟ್ ತಿದ್ದಿಸಲು ಕೊಡದಿದ್ದರೆ ಆ ಕೆಲಸ ಬೇರೆಯವರಿಗೆ.

ತಪ್ಪು ಎಲ್ಲಿಂದ ಬಂತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವ್ವನಿಗೆ ಆರಾಮಿಲ್ಲದೆ ನಾವಿಬ್ಬರೂ ಮಾಸೂರಿನಲ್ಲಿ ಅವ್ವನ ಅಪ್ಪ ಕರಬಸಪ್ಪಜ್ಜನ ಹತ್ತಿರ ಬೆಳೆದೆವು. ಶಾಲೆಗೆ ಹಚ್ಚುವ ದಿನ ನಾನು ಬಾಗಿಲ ಚೌಕಟ್ಟು ಹಿಡಿದು ಅಳುತ್ತ, ತಂಗಿ ಬಂದರೆ ಮಾತ್ರ ಬರುತ್ತೇನೆಂದೆ. ಅಜ್ಜ ಇಬ್ಬರನ್ನೂ ಕರೆದುಕೊಂಡು ಹೋದ. ತಾರೀಕು ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರು ಆಗ ಜೂನ್ ಒಂದನ್ನೇ ಬರೆಯುತ್ತಿದ್ದರು. ಅಜ್ಜನೇ ವಯಸ್ಸು ಏರಿಸಿ ಹೇಳಿದನೆಂದು ಎಲ್ಲರೂ ನಂಬಿದ್ದರು. ನಾನು ಸುಮ್ಮನಿದ್ದೆ.

ಏಳು ವರ್ಷ ಒಂದೇ ಬೆಂಚು. ಮದಗದ ಕೆರೆಯ ನೀರು ಬಿಟ್ಟ ದಿನ ಕಾಲುವೆಯ ದಂಡೆಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದೆವು. ನಾಟಿಯ ಹೆಣ್ಣುಮಕ್ಕಳು ಗದ್ದೆಯಿಂದ ತಲೆ ಎತ್ತಿ, “ಕರಬಸಪ್ಪನ ಜೋಡೆತ್ತು ಹೊಂಟ್ವು ನೋಡ್ರೆ” ಎಂದು ನಗುತ್ತಿದ್ದರು. ನನ್ನ ಲೆಕ್ಕ ಅವಳು ಬಿಡಿಸುತ್ತಿದ್ದಳು, ಅವಳ ಜಡೆ ನಾನು ಹೆಣೆಯುತ್ತಿದ್ದೆ. ಅಜ್ಜ ತೀರಿಕೊಂಡ ಮೇಲೆ ನಮ್ಮನ್ನು ಶಿಗ್ಗಾಂವಕ್ಕೆ ಕರೆತಂದರು. ಇಲ್ಲಿಯ ದೊಡ್ಡ ಶಾಲೆಗೆ ನಾನು ಹೋಗಲಿಲ್ಲ. ಅವಳು ಹೋದಳು.

ವಕೀಲ ಸಿರಾಜುದ್ದೀನ ಅವರ ಆಫೀಸಿಗೆ ಅವ್ವ, ಪೂಜಾ, ನಾನು ಮೂವರೂ ಹೋದೆವು. ಆ ದಿನವೇ ಮಧ್ಯಾಹ್ನ ಹುಬ್ಬಳ್ಳಿಯ ಪಾಸ್‌ಪೋರ್ಟ್ ಆಫೀಸಿನಲ್ಲಿ ಪೂಜಾಳ ಪಾಳಿ ಇತ್ತು.

“ಗಾಬರಿ ಆಗಬ್ಯಾಡ್ರಿ,” ಎಂದರು ವಕೀಲರು. “ಜೂನ್ ಒಂದಕ್ಕ ಹುಟ್ಟಿದವರನ್ನೆಲ್ಲಾ ಕೂಡಿಸಿದ್ರ ಶಿಗ್ಗಾಂವದಾಗ ನಿಂದ್ರಾಕ ಜಾಗಾ ಸಾಲೂದಿಲ್ಲ. ಅವ್ವಾರು ಒಂದು ಅಫಿಡವಿಟ್ ಕೊಟ್ರ ಮುಗೀತು.”

ಟೈಪು ಮಾಡಿದ ಛಾಪಾ ಕಾಗದವನ್ನು ಅವ್ವ ಬೆರಳಿಟ್ಟು ಓದಿದಳು. ‘ನನ್ನ ತಂದೆಯಾದ ಕರಬಸಪ್ಪ ಇವರು ಶಾಲೆಗೆ ಸುಳ್ಳು ಮಾಹಿತಿ ಕೊಟ್ಟು’ ಎಂಬಲ್ಲಿ ಬೆರಳು ನಿಂತಿತು. ಪೆನ್ನನ್ನು ಟೇಬಲ್ಲಿನ ಮೇಲಿಟ್ಟಳು.

“ಇದಕ್ಕ ನಾ ಸಹಿ ಮಾಡೂದಿಲ್ರಿ.”

“ಯಾಕ್ರಿ ಮಹಾದೇವಕ್ಕಾರ?”

“ಸತ್ತಾಂವ ಬಂದು ಉತ್ತರಾ ಕೊಡ್ತಾನೇನ್ರಿ? ಸರ್ಕಾರಿ ಕಾಗದದಾಗ ನಮ್ಮಪ್ಪನ್ನ ಸುಳ್ಳ ಮನಿಶಾ ಮಾಡಂದ್ರ ಹೆಂಗ್ರಿ?”

“ಅವ್ವಾ, ಇದನ್ನ ಯಾರ ಓದ್ತಾರ?” ಎಂದಳು ಪೂಜಾ.

“ನಾ ಓದೇನಲ್ಲ.”

ಪೂಜಾ ಫೈಲಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಬೆರಳ ತುದಿ ಬಿಳಿಚಿಕೊಂಡಿತ್ತು. ಅದನ್ನು ನೋಡುತ್ತಲೇ ನಾನು ಬಾಯಿ ತೆರೆದೆ. ಪರ ಗಂಡಸರ ಮುಂದೆ ನಾನು ಮಾತಾಡಿದ್ದು ಕಡಿಮೆ.

“ಅಜ್ಜ ಸುಳ್ಳು ಹೇಳಿಲ್ರಿ. ಮಾಸ್ತರ ಅಜ್ಜಗ ವಯಸ್ಸ ಕೇಳಲಿಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು.

“ಬಲಗೈ ತಲಿ ಮ್ಯಾಲಿಂದ ತಂದು ಎಡಗಿವಿ ಮುಟ್ಟು ಅಂದ್ರು. ಮುಟ್ಟಿದ್ರ ಆರು ವರ್ಷ ಅಂತ ಬರಕೊಳ್ತಿದ್ರು. ಓಣಿ ಹುಡುಗ್ರು ನನಗ ಮೊದಲ ಹೇಳಿದ್ರು. ಈಕಿ ಕೈ ಮುಟ್ತಿದ್ದಿಲ್ರಿ, ಸಣ್ಣದು. ದಾರ್ಯಾಗ ಕಾಲಿವಿ ದಂಡಿ ಮ್ಯಾಲ ನಿಂದ್ರಿಸಿ ನಾನ ಕಲಿಸಿದೆ. ಗೋಣು ಬಲಕ್ಕ ವಾಲಿಸು, ಬೆರಳು ಹತ್ತತೈತಿ ಅಂತ. ನಾಕೈದು ಸಲ ಮಾಡಿಸಿದೆ. ಅಜ್ಜ ಮುಂದ ಹೊಂಟಿದ್ದ, ಅವಂಗ ಗೊತ್ತಿಲ್ಲ. ನನಗ ಒಬ್ಬಾಕಿನ ಹೋಗಾಕ ಅಂಜಿಕಿ ಇತ್ರಿ.”

ವಕೀಲರು ಟೇಬಲ್ ತಟ್ಟಿ ನಕ್ಕರು. “ಆರು ವರ್ಷದ ಹುಡುಗಿ ಮ್ಯಾಲ ಕೇಸ್ ಹಾಕೂಣೇನ್ರಿ?” ಎಂದು ಟೈಪಿಸ್ಟಿನ ಕಡೆ ತಿರುಗಿದರು. “ಹೊಸದು ಹೊಡಿ. ಅಕ್ಕನಿಗೆ ಜೊತೆಯಾಗಲೆಂದು ಶಾಲೆಗೆ ಕಳಿಸಿದ್ದು, ಕಿವಿ ಮುಟ್ಟಿಸಿ ನೋಡಿ ಮಾಸ್ತರರು ವಯಸ್ಸನ್ನು ಅಂದಾಜಿನಿಂದ ಬರೆದುಕೊಂಡಿದ್ದು. ಇಷ್ಟ ಸಾಕು.”

ಅವ್ವ ಅದನ್ನು ಎರಡು ಸಲ ಓದಿ ಸಹಿ ಮಾಡಿದಳು. ಆಮೇಲೆ ನನ್ನ ತೋಳು ಚಿವುಟಿದಳು. “ಇಪ್ಪತ್ತು ವರ್ಷ ಹೊಟ್ಯಾಗ ಇಟಗೊಂಡ ಕುಂತಿದ್ದೇನ, ಕಳ್ಳಿ? ಪಾಪ, ನಮ್ಮಪ್ಪನ ಮ್ಯಾಲ ಹಾಕಿ ಎಷ್ಟ ಸಲ ನಕ್ಕೇವಿ.” ಅವಳ ಕಣ್ಣು ತುಂಬಿತ್ತು.

ಅವ್ವನನ್ನು ಮನೆಗೆ ಕಳಿಸಿ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಪೂಜಾ ಸಣ್ಣ ದನಿಯಲ್ಲಿ, “ಅಕ್ಕಾ, ಆ ಕಾಲಿವಿ ದಂಡಿ ನನಗ ನೆನಪ ಇಲ್ಲ,” ಎಂದಳು.

“ನೀ ಸಣ್ಣಾಕಿ ಇದ್ದಿ.”

ಹಾಗೆ ಹೇಳುವ ಹಕ್ಕು ಆ ಹೊತ್ತಿನಿಂದ ಕಾಗದದ ಮೇಲೂ ನನಗಿತ್ತು.

ಹುಬ್ಬಳ್ಳಿ ಬಸ್ಸು ತುಂಬಿತ್ತು. ಪೂಜಾ ಮೊದಲು ಏರಿ, ಪಕ್ಕದ ಸೀಟಿಗೆ ಕರವಸ್ತ್ರ ಹಾಕಿ, ಕಿಟಕಿಯಿಂದ ಕೂಗಿದಳು: “ಏರು ಲಗೂನ, ಜಾಗಾ ಹಿಡದೇನಿ.”

ನಾನು ಕಿಟಕಿಯೊಳಗೆ ಕೈ ಹಾಕಿ ಕರವಸ್ತ್ರ ತೆಗೆದು ಅವಳ ಮಡಿಲಿಗಿಟ್ಟೆ. “ಅಲ್ಲಿ ನನ್ನ ಕೆಲಸಾ ಏನೂ ಇಲ್ಲ. ನೀ ಹೋಗಿ ಬಾ.”

ಅವಳು ಏನೋ ಹೇಳಹೊರಟಳು. ಅಷ್ಟರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಮುದುಕಿಯೊಬ್ಬಳು, “ಸರಿ ಯವ್ವಾ, ಸರಿ,” ಎನ್ನುತ್ತ ಆ ಜಾಗದಲ್ಲಿ ಕುಳಿತಳು. ಬಸ್ಸು ಹೈವೇಗೆ ತಿರುಗುವವರೆಗೂ ಪೂಜಾ ಕಿಟಕಿಯಿಂದ ಹಿಂದಕ್ಕೆ ನೋಡುತ್ತಲೇ ಇದ್ದಳು.