ಸತ್ತೆವ್ವನ ಮುಂಗೈ

ಆರು ವಾರಗಳ ಮೇಲೆ ಗಿರಿಜಾಬಾಯಿ ಪಟ್ಟಿ ಬಿಚ್ಚಿದಾಗ, ಎಲುಬು ನೆಟ್ಟಗೆ ಕೂಡಿದೆಯೇ ಎಂಬುದಷ್ಟೇ ಸತ್ತೆವ್ವನ ಚಿಂತೆಯಾಗಿತ್ತು. ಮುಷ್ಟಿ ಹಿಡಿದಳು, ಬಿಟ್ಟಳು, ಕೈ ಹೊರಳಿಸಿದಳು. ನೋವಿರಲಿಲ್ಲ.

"ನಾಳಿಂದ ರೊಟ್ಟಿ ಬಡಿ ಹೋಗು," ಎಂದು ಗಿರಿಜಾಬಾಯಿ ಬಿದಿರಿನ ಸೀಳುಗಳನ್ನು ತನ್ನ ಒಲೆಗೆ ಒಟ್ಟಿದಳು. ಮುಂಗೈ ಸುತ್ತ ಒಂದು ಗೇಣಗಲ ಚರ್ಮ ಬೆಳ್ಳಗಾಗಿ, ಅಲ್ಲಲ್ಲಿ ಸಿಪ್ಪೆ ಎದ್ದಿದ್ದನ್ನು ಇಬ್ಬರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ದಾಂಡೇಲಿಯ ಕಾಗದದ ಗಿರಣಿ ಶುರುವಾಗಿ ಆಗ ಮೂರು-ನಾಲ್ಕು ವರ್ಷ. ಹೆಂಡತಿ-ಮಕ್ಕಳನ್ನು ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಬಿಟ್ಟು ಬಂದ ಕೆಲಸಗಾರರಿಗೆ ಮಹಾದೇವಕ್ಕನ ಖಾನಾವಳಿಯೇ ಮನೆ. ಸತ್ತೆವ್ವ ಅವಳ ಅಕ್ಕನ ಮಗಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿ, ಮುಂಡಗೋಡದ ಕಡೆಯ ಪಾಳಾದಿಂದ ಕರೆತಂದದ್ದು. ಗಂಡಸರ ಮುಂದೆ ಬಾಯಿ ತೆರೆಯದ ಹುಡುಗಿ. ಆದರೆ ಯಾರಿಗೆ ತೆಳ್ಳನೆಯ ರೊಟ್ಟಿ ಬೇಕು, ಯಾರಿಗೆ ಖಡಕ್ ಬೇಕು, ಯಾರು ಚಟ್ನಿ ಮುಟ್ಟುವುದಿಲ್ಲ ಎಂಬುದೆಲ್ಲ ಅವಳಿಗೆ ಗೊತ್ತು. ಅವಳು ಬಡಿದ ರೊಟ್ಟಿ ಹಂಚಿನ ಮೇಲೆ ಪೂರಿಯಂತೆ ಉಬ್ಬುತ್ತಿತ್ತು. ಊರಲ್ಲಿ ಇಲ್ಲದ ಬೆಲೆ ಅವಳಿಗೆ ಇಲ್ಲಿ ಸಿಕ್ಕಿದ್ದು ಆ ಕೈಯಿಂದ.

ಹೊಳೆಯ ಕಲ್ಲಿನ ಮೇಲೆ ಕೊಡದ ಸಮೇತ ಜಾರಿ ಬಿದ್ದು ಮುರಿದದ್ದೂ ಅದೇ ಕೈ. ಪಕ್ಕದ ಮನೆಯ ಗಿರಿಜಾಬಾಯಿ ಜೋಯಿಡಾ ಕಡೆಯವಳು, ಮೀನು ತಿನ್ನುವ ಮನೆತನ. ಗಂಡ ಕಾಡಿನಿಂದ ಬಿದಿರು ತರುವ ಲಾರಿಯ ಮೇಲಿದ್ದ. ಎಲುಬು ಕೂಡಿಸುವುದರಲ್ಲಿ ಅವಳ ಕೈ ಪಳಗಿತ್ತು. ಉದ್ದಿನ ಹಿಟ್ಟಿನ ಲೇಪ ಹಚ್ಚಿ, ಬಿದಿರಿನ ಸೀಳಿಟ್ಟು, ಬಿಗಿಯಾಗಿ ಪಟ್ಟಿ ಸುತ್ತಿದಳು. ಎಲುಬು ಗಟ್ಟಿಯಾಗಲೆಂದು ಮಹಾದೇವಕ್ಕ ದಿನಾ ಅರಿಶಿಣದ ಹಾಲು ಕುಡಿಸಿದಳು. ಒಂದೇ ಕೈಯಲ್ಲಿ ರೊಟ್ಟಿ ಬಡಿಯಲಾಗದ ಸತ್ತೆವ್ವ, ಆ ಆರು ವಾರ ಬೇಸಿಗೆಯ ರಣರಣ ಬಿಸಿಲಲ್ಲಿ ಅಂಗಳದ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಕಾಯುತ್ತ ಕುಳಿತಳು.

ಪಟ್ಟಿ ಬಿಚ್ಚಿದ ಮರುದಿನವೇ ಅವಳು ಮತ್ತೆ ರೊಟ್ಟಿಯ ಬುಟ್ಟಿ ಹಿಡಿದು ಪಂಕ್ತಿಗೆ ಬಂದಳು. ಮಲಕಪ್ಪನ ತಾಟಿಗೆ ಕೈ ಚಾಚಿದಳು. ಅವನು ಬಾಯ್ಲರಿನ ಕಡೆ ಕೆಲಸ ಮಾಡುವ ಹುರುಪಿನ ಆಳು. ಹೊಸ ಕೈಗಡಿಯಾರ ಕೊಂಡಂದಿನಿಂದ ಮಾತಿಗೊಮ್ಮೆ ಎಡಗೈ ಎತ್ತುವ ಚಟ ಹತ್ತಿತ್ತು ಅವನಿಗೆ.

"ಏ, ತಡಿ ತಡಿ. ಏನಬೇ ಇದು, ಕೈ ಮ್ಯಾಲ?"

"ಪಟ್ಟಿ ಕಟ್ಟಿತ್ರಿ..." ಸೆರಗಿನೊಳಗೇ ಅಂದಳು ಸತ್ತೆವ್ವ.

"ಯಾರು ಕಟ್ಟಿದ್ದು? ಬಾಜೂ ಮನಿ ಮೀನಿನ ಬಾಯಿ ಹೌದಲ್ಲೊ? ಮನಿಗೆ ಬಂದು ಹಾಲು ಕುಡೀತಿದ್ದಿ, ಅದೂ ಹೌದಲ್ಲೊ?"

"ಹೂಂ ರಿ."

ಮಲಕಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟ. "ತಿಳೀತೇನ್ರಪಾ? ಅಲ್ಲಿ ಮೀನು, ಇಲ್ಲಿ ಹಾಲು! ಮೀನು ತಿಂದ ಹೊಟ್ಟಿಗೆ ಹಾಲು ಬಿದ್ದ್ರ ತೊನ್ನು ಬರದ ಬಿಡ್ತೈತೇನು? ಇಂಥಾ ಕೈಲೆ ಬಡದ ರೊಟ್ಟಿ ನಾವು ಲಿಂಗವಂತರು ತಿನ್ನಬೇಕಾ?"

ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಂದು ಅಲ್ಲಿ ಕುಳಿತ ಪ್ರತಿಯೊಬ್ಬನೂ ಚಿಕ್ಕಂದಿನಿಂದ ಕೇಳಿದ್ದ. ಸತ್ತೆವ್ವನೂ ಕೇಳಿದ್ದಳು. ಮೀನು ತಿಂದಿಲ್ಲ ಎಂಬುದು ಅವಳಿಗೆ ಗೊತ್ತು. ಹಾಗಾದರೆ ಈ ಬಿಳುಪು ಎಲ್ಲಿಂದ ಬಂತು?

ಮರುದಿನ ಮೂರು ತಾಟು ಕಡಿಮೆಯಾದವು. ಅದರ ಮರುದಿನ ಹನ್ನೊಂದು. ಉಳಿದವರು ಅಡಿವೆಯ್ಯನವರ ಮುಖ ನೋಡುತ್ತಿದ್ದರು. ಬಿದಿರಿನ ಅಂಗಳದಲ್ಲಿ ಮುಂಜಾನೆಯಿಂದ ಸಂಜೆತನಕ ನಿಂತು ಲಾರಿ ಇಳಿಸಿಕೊಳ್ಳುವ ಹಿರಿಯರು ಅವರು. ಅದರ ಮೇಲೆ ಜಾತಿಯಿಂದ ಅಯ್ಯನವರು, ಲಿಂಗವಂತರಿಗೆ ಗುರುಸ್ಥಾನದವರು. ಅವರು ಮೊದಲ ತುತ್ತು ಎತ್ತದೆ ಪಂಕ್ತಿಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. "ಐತವಾರ ಮಧ್ಯಾಹ್ನ ಹೇಳ್ತೇನಿ," ಎಂದಿದ್ದರು ಅವರು. ಅವರು ಎದ್ದು ಹೋದರೆ ಖಾನಾವಳಿಯೇ ಎದ್ದು ಹೋದಂತೆ.

"ದವಾಖಾನಿಗೆ ಹೋಗ್ಲೇನು ಚಿಗವ್ವಾ?"

"ಹೋಗಿ ಊರಿಗೆಲ್ಲಾ ಡಂಗುರ ಹೊಡಸ್ತೀಯೇನು? ಸುಮ್ನ ಕೈ ಮುಚ್ಚಿಕೊಂಡು ಕೂಡು. ಸೋಮವಾರ ಹಳಿಯಾಳದ ಬಸ್ಸು ಹತ್ತಿಸ್ತೇನಿ, ಅಲ್ಲಿಂದ ಪಾಳಾಕ ಹೋಗು. ನನ್ನ ಹೊಟ್ಟಿ ಮ್ಯಾಲೆ ಕಾಲಿಡಬ್ಯಾಡ." ಹೇಳುವಾಗ ಮಹಾದೇವಕ್ಕ ಅವಳ ಮುಖ ನೋಡಲಿಲ್ಲ.

ಪಾಳಾಕ್ಕೆ ಹೋದರೆ ಏನಾದೀತೆಂದು ಸತ್ತೆವ್ವ ಬಲ್ಲಳು. ಕೈಗಿಂತ ಮೊದಲು ಸುದ್ದಿ ಊರು ಮುಟ್ಟಿರುತ್ತದೆ. ಮೂಲೆಯ ಗಂಗಾಳ, ಮೂಲೆಯ ಚಾಪೆ, ಜೀವಮಾನವೆಲ್ಲ ಸೆರಗಿನಡಿಯ ಕೈ.

ಬೇಲಿಯಾಚೆ ಗಿರಿಜಾಬಾಯಿಗೆ ಸಿಟ್ಟೂ ನಗೆಯೂ ಒಟ್ಟಿಗೇ ಬಂದಿದ್ದವು. "ಅಗೋ, ಮೀನು ತಿಂದು ಹಾಲು ಕುಡಿದ್ರ ಬೆಳ್ಳಗಾಗೂದಾದ್ರ, ನಮ್ಮ ಮನಿ ಮಂದಿಯೆಲ್ಲಾ ಇಷ್ಟೊತ್ತಿಗೆ ಗೋರಾ ಸಾಹೇಬರಾಗ್ತಿದ್ರು! ನೋಡು ನನ್ನ ಬಣ್ಣ, ಹಂಚಿನ ತಳ!"

ಸತ್ತೆವ್ವನಿಗೂ ನಗೆ ಬಂತು. ನಾಲ್ಕು ದಿನದಲ್ಲಿ ಮೊದಲ ನಗೆ. ಬಿಳುಪನ್ನು ಆಗ ಅವಳು ಹೆದರದೆ ನೋಡಿದಳು. ಅಂಚು ಎರಡೂ ಕಡೆ ದಾರ ಹಿಡಿದು ಎಳೆದಷ್ಟು ನೇರ. ಹೆಬ್ಬೆರಳ ಬುಡದಲ್ಲಿ ಪಟ್ಟಿ ಸಡಿಲಾಗಿ ಬಿಟ್ಟುಕೊಂಡಿದ್ದ ಕಡೆ ಮಾತ್ರ ಒಂದು ಕಪ್ಪು ಗೆರೆ. ರೋಗವಾದರೆ ಪಟ್ಟಿಯ ಅಳತೆ ನೋಡಿಕೊಂಡು ಬರುತ್ತದೆಯೇ?

ಐತವಾರ ಮಧ್ಯಾಹ್ನ ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಹೊರಗೆ ನೀರಿನ ಹೌದಿನ ಹತ್ತಿರ ಅಡಿವೆಯ್ಯನವರು ಮುಖ ತೊಳೆಯಲು ತಲೆಯ ರುಮಾಲು ಎತ್ತಿದರು, ಮುಖಕ್ಕೆ ನೀರು ಸೋಕಿಸಿಕೊಂಡರು, ಮತ್ತೆ ರುಮಾಲು ಇಟ್ಟುಕೊಂಡರು. ಅಷ್ಟರಲ್ಲಿ ಸತ್ತೆವ್ವ ನೋಡಬೇಕಾದದ್ದನ್ನು ನೋಡಿದ್ದಳು.

ಒಳಗೆ ಪಂಕ್ತಿ ಕೂತಿತು. ಅಡಿವೆಯ್ಯನವರು ತಾಟನ್ನು ಒಂದಿಷ್ಟು ಮುಂದೆ ಸರಿಸಿದರು. "ಮಹಾದೇವಕ್ಕಾ, ನಿನ್ನ ಮ್ಯಾಲೆ ನಮಗ ಸಿಟ್ಟಿಲ್ಲ. ಆದ್ರ ಆ ಹುಡುಗಿ ಕೈ..."

"ಅಯ್ಯನವರ."

ಯಾರ ದನಿ ಅದು ಎಂದು ಪಂಕ್ತಿಯೆಲ್ಲ ತಿರುಗಿ ನೋಡಿತು. ಬಾಗಿಲಲ್ಲಿ ಸತ್ತೆವ್ವ.

"ನಿಮ್ಮ ರುಮಾಲು ಒಂದೀಟು ತಗೀರಿ."

ಮಹಾದೇವಕ್ಕನ ಕೈಯಿಂದ ಸೌಟು ಬಿತ್ತು. ಹಿರಿಯರ ತಲೆಯ ರುಮಾಲು ತೆಗೆಸುವುದೆಂದರೆ ಮಾನಕ್ಕೆ ಕೈ ಹಾಕಿದಂತೆ. "ಯವ್ವಾ, ಇದರ ಬಾಯಾಗ ಮಣ್ಣು ಹಾಕ!" ಎಂದು ಆಕೆ ಓಡಿ ಬರುವಷ್ಟರಲ್ಲಿ ಅಡಿವೆಯ್ಯನವರು ಕೈ ಅಡ್ಡ ಹಿಡಿದರು. ಅವರ ಕಣ್ಣು ಕೆಂಪಾಗಿತ್ತು. ಆದರೆ ಎಂದೂ ಮಾತಾಡದವಳು ಇಂಥ ಮಾತನ್ನೇ ಯಾಕೆ ಆಡಿದಳೆಂಬ ಕುತೂಹಲ ಸಿಟ್ಟಿಗಿಂತ ಒಂದು ತೂಕ ಹೆಚ್ಚಿತ್ತು. ರುಮಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಹುಬ್ಬಿನ ಕೆಳಗೆ ಮುಖ ಹುರಿದ ಕಡಲೆಯ ಬಣ್ಣ. ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ, ಒಂದು ಗೆರೆ ದಾಟಿದರೆ, ಹಣೆ ಸುಲಿದ ಶೇಂಗಾದಷ್ಟು ಬಿಳಿ.

"ಇದು ಏನ್ರಿ ಅಯ್ಯನವರ, ಬೆಳ್ಳಗ?"

"ಏನಂದ್ರ? ಖೋಡಿ, ಇಷ್ಟೂ ತಿಳಿಯೂದಿಲ್ಲ ನಿನಗ? ದಿನಾ ಬಿಸಲಾಗ ನಿಂದರ್ತೇನಿ. ರುಮಾಲು ಸುತ್ತಿದಲ್ಲಿ ಬಿಸಲು ಬಡಿದಿಲ್ಲ, ಅಷ್ಟ!"

"ಹೌದ್ರಿ." ಸತ್ತೆವ್ವ ಸೆರಗಿನಿಂದ ಕೈ ಹೊರಗೆ ತೆಗೆದು, ಪಂಕ್ತಿಗೆಲ್ಲ ಕಾಣುವ ಹಾಗೆ ಮುಂದೆ ಚಾಚಿದಳು. "ನಾನೂ ಆರು ವಾರ ದಿನಾ ಬಿಸಲಾಗ ಕುಂತೇನ್ರಿ. ಪಟ್ಟಿ ಸುತ್ತಿದಲ್ಲಿ ಬಿಸಲು ಬಡಿದಿಲ್ಲ. ಅಷ್ಟ ರೀ."

ಅಡಿವೆಯ್ಯನವರು ಅವಳ ಕೈ ನೋಡಿದರು. ತಮ್ಮ ಹಣೆಯ ಮೇಲೆ ಬೆರಳಾಡಿಸಿದರು. ಮತ್ತೆ ಕೈ ನೋಡಿದರು. ಆಮೇಲೆ ಹೊಟ್ಟೆಯೊಳಗಿನಿಂದ ಎದ್ದ ನಗೆಗೆ ಅವರ ಇಡೀ ಮೈ ಕುಲುಕಿತು. "ಎಲಾ ಇವಳ! ಹಂಗಾದ್ರ ನಾನೂ ಮೀನು ತಿಂದಾಂವನ ಆದ್ನಲ್ಲೊ ಮಲಕಪ್ಪಾ!"

ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಒಬ್ಬ ಚಪ್ಪಲಿಯ ಪಟ್ಟಿಯ ಗುರುತು ತೋರಿಸಿದ. ಇನ್ನೊಬ್ಬ ಅಂಗಿಯ ಗುಂಡಿ ಬಿಚ್ಚಿ, ಕೊರಳಲ್ಲಿ ಶಿವದಾರ ಕೂತಿದ್ದ ಬಿಳೀ ಗೆರೆ ತೋರಿಸಿದ. ಮಲಕಪ್ಪನೊಬ್ಬನೇ ಎಡಗೈಯನ್ನು ತೊಡೆಯಡಿ ಸೇರಿಸಿದ್ದ.

"ಮಲಕಪ್ಪಣ್ಣಾರ, ಟೈಮೆಷ್ಟ್ರಿ?" ಎಂದಳು ಸತ್ತೆವ್ವ.

ನಾಲ್ಕು ಜನ ಸೇರಿ ಅವನ ಕೈ ಎಳೆದು ಗಡಿಯಾರ ಬಿಚ್ಚಿದರು. ಕೆಳಗೆ ದುಂಡನೆಯ, ಎಳೆಯ ಬಿಳುಪು.

ಸತ್ತೆವ್ವ ನಗಲಿಲ್ಲ. "ಗಿರಿಜಾಬಾಯಾರ ಮನಿಯೊಳಗ ನಾ ಏನೂ ತಿಂದಿಲ್ಲ. ಇಂಥಾ ಕೈ ಕೂಡಿಸಿ ಕೊಟ್ಟಾರ, ನಾಕು ಗಂಡಸರು ಕೂಡಿ ಅವರಿಗೆ ಕೆಟ್ಟ ಹೆಸರಿಟ್ರಿ. ಅದಕ್ಕ ಅವರ ಮುಂದ ಹೋಗಿ ತಪ್ಪಾತು ಅನ್ರಿ."

"ಅಂತಾನ," ಎಂದರು ಅಡಿವೆಯ್ಯನವರು, ಮಲಕಪ್ಪನ ಕಡೆ ನೋಡಿ. "ಉಂಡಕೂಡ್ಲೆ ಹೋಗಿ ಅಂತಾನ. ನಾನೂ ಹೋಗ್ತೇನಿ. ಹಾಕವಾ ರೊಟ್ಟಿ, ನಿನ್ನ ಕೈಲೆನ ಹಾಕು."

ಮಹಾದೇವಕ್ಕ ಕಣ್ಣೊರೆಸಿಕೊಂಡು, ಅಕ್ಕನ ಮಗಳ ಸೆರಗನ್ನು ತಾನೇ ಟೊಂಕಕ್ಕೆ ಸಿಗಿಸಿ ಒಲೆಯ ಮುಂದೆ ಕೂರಿಸಿದಳು. ಬಸ್ಸಿನ ಮಾತು ಮತ್ತೆ ಎತ್ತಲಿಲ್ಲ. ಪಂಕ್ತಿ ಬಿಟ್ಟು ಹೋದವರೆಲ್ಲ ಅಂದು ಸಂಜೆ ತಿರುಗಿ ಬಂದರು. ಹೊಸಬರು ಏಳು ಮಂದಿ, ರುಮಾಲು ತೆಗೆಸಿದ ಹುಡುಗಿಯನ್ನು ನೋಡಲೆಂದೇ ಬಂದವರು. ಹಿಟ್ಟು ಮುಗಿಯಿತು, ಮತ್ತೆ ನಾದಿದರು. ಬರೀ ತೋಳು, ಬಿಳೀ ಮುಂಗೈ ಬೆಂಕಿಯ ಬೆಳಕಿಗೆ ಹಿಡಿದು ಸತ್ತೆವ್ವ ಪಟಪಟನೆ ರೊಟ್ಟಿ ಬಡಿದಳು. ಹಂಚಿನ ಮೇಲೆ ಒಂದು ಉಬ್ಬಿ ಎದ್ದಾಗ, ಹೊರಗಿನ ಕಡೆಯ ಪಂಕ್ತಿಗೂ ಕೇಳುವಂತೆ ಕೂಗಿದಳು:

"ಬಿಸಿ ರೊಟ್ಟಿ! ಯಾರಿಗೆ ಬೇಕ್ರಿ?"